ಎಂಜಿಬಿ ಕಾರಿಗೆ ಹೊಸ ಫೆಂಡರ್: ಯಾವುದು ಕೊಳ್ಳಬೇಕು, ಯಾವಾಗ ಕೊಳ್ಳಬೇಕು

ಪ್ರಶ್ನೆ: ನಾನು ಮೈಸೂರಿನವನು, ಕೆಲಸದ ಮೇಲೆ ಬಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ 1972ರ ಎಂಜಿಬಿ ರೋಡ್‌ಸ್ಟರ್ (ಚಾವಣಿಯಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕೊಂಡೆ. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿವೆ, ಬಾಡಿಯೇ ತಲೆನೋವು. ಮುಂದಿನ ಎರಡೂ ಫೆಂಡರ್‌ಗಳ ಹಿಂದಿನ ಕೆಳತುದಿಯಲ್ಲಿ ತೂತು ಬಿದ್ದಿದೆ. ಎಡ ಫೆಂಡರಿನ ಹೆಡ್‌ಲ್ಯಾಂಪ್ ಮೇಲೆ ಬಣ್ಣ ಗುಳ್ಳೆ ಎದ್ದಿದೆ. ಎಡಬದಿಯ ಸಿಲ್‌ಗೆ (ಬಾಗಿಲ ಕೆಳಗೆ ಉದ್ದಕ್ಕೂ ಹಾಯುವ ತಗಡಿನ ಪೆಟ್ಟಿಗೆ) ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತದೆ. ಇತ್ತೀಚೆಗೆ ಎಡ ಬಾಗಿಲ ಹಿಂದಿನ ಮೇಲ್ತುದಿ ಮುಚ್ಚುವಾಗ ತಾಗುತ್ತಿದೆ. ಒಂದು ಗ್ಯಾರೇಜಿನವರು ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿಯ ಫೆಂಡರನ್ನೇ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಅರ್ಧ ಬೆಲೆಯ ನಕಲು ಫೆಂಡರ್ ಸಾಕು, ಸಿಲ್ ಮೇಲೆ ಕವರ್ ಸಿಲ್ ಬೆಸುಗೆ ಹಾಕಿದರೆ ಮುಗಿಯಿತು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ತುಕ್ಕಿಲ್ಲದ ಹಳೆ ಫೆಂಡರ್, ಫೈಬರ್‌ಗ್ಲಾಸ್ ಫೆಂಡರ್ ಕೂಡ ನೋಡಿದೆ. ಬೆಂಗಳೂರಿನಲ್ಲಿರುವ ಭಾವ, ಶಿವಾಜಿನಗರದ ಟಿಂಕರ್ ಕೈಯಲ್ಲಿ ಹೊಸದಾಗಿ ಬಡಿಸಿ ಕಳಿಸುತ್ತೇನೆ ಎನ್ನುತ್ತಾರೆ. ಹಳೆ ಕಾಲದ ತಗಡು ದಪ್ಪ, ಈಗಿನದೆಲ್ಲ ಕಾಗದ ಎಂಬ ಮಾತೂ ಕೇಳಿದೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದ ಮುಖ್ಯ ಸಾಲು ಫೆಂಡರ್ ಬಗ್ಗೆ ಬರೆದದ್ದಲ್ಲ, ಬಾಗಿಲು ತಾಗುತ್ತಿದೆ ಎಂದು ಬರೆದದ್ದು. ಸದ್ಯಕ್ಕೆ ಯಾವ ಫೆಂಡರನ್ನೂ ಕೊಳ್ಳಬೇಡಿ. ಕೊಂಡಿದ್ದರೆ ಪೆಟ್ಟಿಗೆ ಬಿಚ್ಚದೆ ಇಡಿ. ಎಡ ಸಿಲ್ ಸರಿಯಾಗಿ, ಬಾಗಿಲ ಸಂದು ಕೂತ ಮೇಲೆ ಮಾತ್ರ ಯಾವ ಫೆಂಡರ್ ಹೊಂದುತ್ತದೆ ಎಂದು ತಿಳಿಯುತ್ತದೆ. ಅದಕ್ಕೆ ಮೊದಲೇ ಕೊಂಡರೆ, ಜಗ್ಗಿದ ಬಾಡಿಗೆ ಒಳ್ಳೆಯ ಫೆಂಡರೂ ಹೊಂದುವುದಿಲ್ಲ. ಆಗ ಬೈಗುಳ ಫೆಂಡರಿಗೆ ಬೀಳುತ್ತದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ. 1962ರಿಂದ 1980ರವರೆಗೆ ಆ್ಯಬಿಂಗ್‌ಡನ್‌ನಲ್ಲಿ ಜೋಡಣೆಯಾದ ಈ ಕಾರಿನ ಬಾಡಿಯೇ ಚಾಸಿ. ಜಿಟಿ ಮಾದರಿಯಲ್ಲಿ ಮೇಲಿನ ಚಾವಣಿಯೂ ಒಂದಿಷ್ಟು ಭಾರ ಹೊರುತ್ತದೆ. ನಿಮ್ಮದು ರೋಡ್‌ಸ್ಟರ್, ಚಾವಣಿ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವ ಕೆಲಸ ಬಹುಪಾಲು ಎರಡು ಸಿಲ್‌ಗಳದ್ದು, ಉಳಿದದ್ದು ನಡುವಿನ ಗೇರ್‌ಬಾಕ್ಸ್ ಟನಲ್‌ನದ್ದು. ಸಿಲ್ ಕೊಳೆತರೆ ನಾಲ್ಕು ಚಕ್ರದ ಮೇಲೆ ನಿಂತ ಕಾರು ನಡುವಿನಲ್ಲಿ ಕೆಳಕ್ಕೆ ಜಗ್ಗುತ್ತದೆ. ನಡು ಕೆಳಗಿಳಿದರೆ ಬಾಗಿಲ ತೆರಪಿನ ಮೇಲ್ಭಾಗ ಕಿರಿದಾಗುತ್ತದೆ, ಬಾಗಿಲ ಹಿಂದಿನ ಮೇಲ್ತುದಿ ಹಿಂದಿನ ಫೆಂಡರಿಗೆ ತಾಗುತ್ತದೆ. ನೀವು ಬರೆದಿರುವುದು ಇದನ್ನೇ.

ಹಿಂಜ್ ಸವೆದರೂ ಬಾಗಿಲು ತಾಗುತ್ತದಲ್ಲ ಎನ್ನಬಹುದು. ತಾಗುತ್ತದೆ, ಆದರೆ ಜಾಗ ಬೇರೆ. ಹಿಂಜ್ ಪಿನ್ ಸವೆದಾಗ ಬಾಗಿಲ ಬಾಲ ಕೆಳಗಿಳಿಯುತ್ತದೆ, ಕೆಳಗಡೆ ಉಜ್ಜುತ್ತದೆ, ಲಾಕಿನ ಬಳಿ ಎತ್ತಿ ಮುಚ್ಚಬೇಕಾಗುತ್ತದೆ. ಬಾಗಿಲು ತೆರೆದು ಅದರ ತುದಿಯನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಹಿಂಜ್‌ನಲ್ಲಿ ಸಡಿಲ ಕಾಣದಿದ್ದರೆ ಬಾಡಿಯ ಮೇಲೆ ಅನುಮಾನ ಪಡಿ.

ಅನುಮಾನ ಖಚಿತಪಡಿಸಿಕೊಳ್ಳಲು ಗ್ಯಾರೇಜ್ ಬೇಕಿಲ್ಲ. ಸಮತಟ್ಟಾದ ನೆಲದ ಮೇಲೆ ಕಾರು ಚಕ್ರಗಳ ಮೇಲೇ ನಿಂತಿರಲಿ. ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಅಳತೆಗೋಲಾಗಿ ಬಳಸಿ: 3, 4, 5, 6 ಮಿ.ಮೀ. ಬಾಗಿಲ ಹಿಂದಿನ ಸಂದಿಯಲ್ಲಿ ಮೇಲೆ, ನಡುವೆ, ಕೆಳಗೆ, ಹಾಗೆಯೇ ಮುಂದಿನ ಸಂದಿಯಲ್ಲಿ ಮೂರು ಕಡೆ ಯಾವ ಬಿಟ್ ಬಿಗಿಯಾಗಿ ಕೂರುತ್ತದೆ ನೋಡಿ ಬರೆದಿಡಿ. ಎರಡೂ ಬಾಗಿಲಿಗೆ ಮಾಡಿ. ಆಮೇಲೆ ಸೀಟಿನ ಕೆಳಗೆ ಅಡ್ಡ ಹಾಯುವ ಬಾಕ್ಸ್ ಸೆಕ್ಷನ್ ಗಟ್ಟಿ ಇದೆಯೇ ಎಂದು ತಟ್ಟಿ ನೋಡಿ, ಗಟ್ಟಿ ಇದ್ದರೆ ಮಾತ್ರ ಅದರಡಿ ಅಗಲವಾದ ಮರದ ತುಂಡಿಟ್ಟು ಜಾಕ್‌ನಿಂದ ನಿಧಾನಕ್ಕೆ ಭಾರ ಎತ್ತಿಸಿ. ಚಕ್ರ ನೆಲ ಬಿಡಬೇಕಿಲ್ಲ. ಎಡ ಬಾಗಿಲ ಮೇಲಿನ ಸಂದು ಒಂದು ಮಿ.ಮೀ.ಗಿಂತ ಹೆಚ್ಚು ಅಗಲವಾದರೆ ಆ ಸಿಲ್ ಭಾರ ಹೊರುತ್ತಿಲ್ಲ. ಜಾಕಿನ ಮೇಲಿರುವ ಕಾರಿನಡಿ ಕೈಕಾಲು ಹಾಕಬೇಡಿ. ಸಿಲ್‌ನ ಜಾಕಿಂಗ್ ಪಾಯಿಂಟನ್ನಂತೂ ಮುಟ್ಟಲೇಬೇಡಿ. ಕೊಳೆತ ಸಿಲ್‌ನಲ್ಲಿ ಜಾಕ್ ಒಳಗೇ ನುಗ್ಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಗ್ಯಾರೇಜಿನವರು ಎರಡು ಕಂಬದ ಲಿಫ್ಟ್ ಮೇಲೆ ಕಾರನ್ನು ನಡುವಿನಲ್ಲಿ ಎತ್ತಿದರೆ ಮುಂದಿನ, ಹಿಂದಿನ ತುದಿಗಳು ಜೋತು ಮೇಲಿನ ಸಂದು ಅಗಲವಾಗುತ್ತದೆ. ಅದೇ ಸ್ಥಿತಿಯಲ್ಲಿ ಹೊಸ ಸಿಲ್ ಬೆಸೆದರೆ ಆ ತಪ್ಪು ಆಕಾರವೇ ಖಾಯಂ ಆಗುತ್ತದೆ. ಸಿಲ್ ಕೆಲಸಕ್ಕೆ ಕಾರನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಗ್ಯಾರೇಜಿನವರನ್ನು ಕೇಳಿ. ಹಿಂದೆ ಆಕ್ಸಲ್ ಕೆಳಗೆ, ಮುಂದೆ ಸಸ್ಪೆನ್ಷನ್ ಕ್ರಾಸ್‌ಮೆಂಬರ್ ಕೆಳಗೆ ಎಂಬ ಉತ್ತರ ಬಂದರೆ ಮಾತು ಮುಂದುವರಿಸಿ. ಲಿಫ್ಟ್ ಮೇಲೆ ಎಂದರೆ ಚಹಾ ಕುಡಿದು ಎದ್ದು ಬನ್ನಿ.

ಕವರ್ ಸಿಲ್ ಯಾಕೆ ಬೇಡ

ಹೊರಗಿನಿಂದ ಒಂದು ತಗಡಿನಂತೆ ಕಾಣುವ ಎಂಜಿಬಿ ಸಿಲ್ ಒಳಗೆ ಹಲವು ಭಾಗಗಳ ಪೆಟ್ಟಿಗೆ. ಕಣ್ಣಿಗೆ ಕಾಣುವುದು ಹೊರ ಸಿಲ್. ಅದರ ಹಿಂದೆ ನೆಟ್ಟಗೆ ನಿಂತ ಮೆಂಬ್ರೇನ್ ಎಂಬ ತಗಡು. ಅದರಾಚೆ ಕಾರಿನ ಒಳಭಾಗದ ಕಡೆಗೆ ಒಳ ಸಿಲ್. ಕೆಳಗೆ ಉದ್ದಕ್ಕೂ ಹಾಯುವ ಕ್ಯಾಸಲ್ ರೈಲ್. ಈ ಅಂಚುಗಳೆಲ್ಲ ಸೇರಿ ಬೆಸೆದಾಗ ಮಾತ್ರ ಬಲ ಬರುತ್ತದೆ. ಹೊರ ಸಿಲ್ ಬಾಗಿಲ ಅಗಲಕ್ಕೆ ಮುಗಿಯುವುದೂ ಇಲ್ಲ. ಮುಂದೆ ಫೆಂಡರಿನ ಹಿಂದಕ್ಕೆ, ಹಿಂದೆ ಹಿಂದಿನ ಫೆಂಡರಿನ ಒಳಕ್ಕೆ ಹೋಗುತ್ತದೆ.

ತುಕ್ಕು ಶುರುವಾಗುವುದು ಒಳಗಿನಿಂದ. ಮುಂದಿನ ಚಕ್ರ ಎರಚುವ ಕೆಸರು ತಡೆಯಲು ಫೆಂಡರಿನೊಳಗೆ ಒಂದು ಸ್ಪ್ಲಾಶ್ ಪ್ಯಾನೆಲ್ ಇದೆ, ಅದರ ಅಂಚಿಗೆ ರಬ್ಬರ್ ಪಟ್ಟಿ. ರಬ್ಬರ್ ಸುಕ್ಕಾದ ಮೇಲೆ ಕೆಸರು ಅದನ್ನು ದಾಟಿ ಬಾಗಿಲ ಕಂಬಕ್ಕೂ ಫೆಂಡರಿನ ಬಾಲಕ್ಕೂ ನಡುವಿನ ಕಿಸೆಯಲ್ಲಿ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ಚಳಿಗಾಲದ ರಸ್ತೆ ಉಪ್ಪು ಆ ಕೆಸರಿನಲ್ಲಿದ್ದು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಫೆಂಡರಿನ ಕೆಳತುದಿ ತೂತಾಗುವುದೂ, ಸಿಲ್‌ನ ಮುಂಭಾಗ ಕೊಳೆಯುವುದೂ, ಬಾಗಿಲ ಕಂಬದ ಬುಡ ಹೋಗುವುದೂ ಈ ಒಂದೇ ಕಿಸೆಯಿಂದ. ಎಷ್ಟು ದುಬಾರಿ ಪ್ಯಾನೆಲ್ ಹಾಕಿದರೂ ಆ ರಬ್ಬರ್ ಪಟ್ಟಿ ಬದಲಿಸದಿದ್ದರೆ ಮತ್ತೆ ಅಲ್ಲೇ ತುಕ್ಕು ಬರುತ್ತದೆ. ಪಟ್ಟಿಯ ಬೆಲೆ ಏನೇನೂ ಅಲ್ಲ, ಮರೆಯುವವರೇ ಹೆಚ್ಚು.

ಕವರ್ ಸಿಲ್ ಎಂದರೆ ಈ ಕೊಳೆತ ಪೆಟ್ಟಿಗೆಯ ಮೇಲೆ, ಬಾಗಿಲ ಕೆಳಗಿನ ಉದ್ದಕ್ಕೆ ಮಾತ್ರ, ಇನ್ನೊಂದು ತಗಡು. ಬೆಸುಗೆ ಹಿಡಿಯುವುದು ತುಕ್ಕು ತಿಂದ ಲೋಹಕ್ಕೆ. ಮೆಂಬ್ರೇನಿನವರೆಗೆ ಕೈ ಹೋಗಿರುವುದಿಲ್ಲ, ನೀರು ಹರಿಯುವ ಕೆಳಗಿನ ಕಿಂಡಿಗಳೂ ಮುಚ್ಚಿಹೋಗುತ್ತವೆ. ಹೊರಗೆ ಹೊಳೆಯುತ್ತದೆ, ಒಳಗೆ ಮೊದಲಿಗಿಂತ ಬೇಗ ಕೊಳೆಯುತ್ತದೆ. ಸೈಡ್ ಇಂಪ್ಯಾಕ್ಟ್ ಬಾರ್, ಏರ್‌ಬ್ಯಾಗ್ ಯಾವುದೂ ಇಲ್ಲದ ಕಾರಿದು. ಪಕ್ಕದಿಂದ ಗುದ್ದು ಬಿದ್ದರೆ ನಿಮ್ಮ ಸೊಂಟದ ಮಟ್ಟದಲ್ಲಿರುವುದು ಆ ಸಿಲ್ ಒಂದೇ.

ನಿಮ್ಮ ಕಾರಿಗೆ ಈಗ 40 ವರ್ಷ ದಾಟಿರುವುದರಿಂದ, ದೊಡ್ಡ ಮಾರ್ಪಾಡು ಮಾಡಿರದಿದ್ದರೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಇದೆ. ಹಾಗಾಗಿ ಕವರ್ ಸಿಲ್ ಹಾಕಿದ್ದನ್ನು ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ಕಡ್ಡಾಯವಲ್ಲದಿದ್ದರೂ ಒಮ್ಮೆ ಎಂಒಟಿ ಮಾಡಿಸಿ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಇವುಗಳ ಹಿಡಿತದ ಜಾಗದ ಸುತ್ತ 30 ಸೆಂ.ಮೀ. ಒಳಗಿನ ತುಕ್ಕನ್ನು ಅಲ್ಲಿ ವಿಶೇಷವಾಗಿ ನೋಡುತ್ತಾರೆ. ಆ ಶುಲ್ಕಕ್ಕೆ ಸಿಗುವ ಎರಡನೇ ಕಣ್ಣು ಅಗ್ಗವೇ.

ಸರಿಯಾದ ಸಿಲ್ ಕೆಲಸದ ಕ್ರಮ

ಬಾಗಿಲು ಕೂತಿರುವಾಗಲೇ ಅಳತೆ ಬರೆದಿಡಬೇಕು. ತೆರಪಿನ ಕರ್ಣದ ಅಳತೆಯನ್ನು ಎರಡೂ ಬದಿಯಲ್ಲಿ ತೆಗೆದು ಹೋಲಿಸಬೇಕು. ಆಮೇಲೆ 25 ಮಿ.ಮೀ. ಚೌಕ ಪೈಪಿನಿಂದ ಹಿಂಜ್ ಕಂಬಕ್ಕೂ ಲಾಕ್ ಕಂಬಕ್ಕೂ ಆಧಾರ ಕಟ್ಟಬೇಕು. ಬಾಗಿಲು ಮುಚ್ಚಲು ಅಡ್ಡಿಯಾಗದಂತೆ ಪೈಪ್ ಒಳಬದಿಗೆ ಇರಬೇಕು, ಏಕೆಂದರೆ ಕೆಲಸದುದ್ದಕ್ಕೂ ಹತ್ತಾರು ಸಲ ಬಾಗಿಲು ಮುಚ್ಚಿ ನೋಡಬೇಕಾಗುತ್ತದೆ. ಈಗಾಗಲೇ ಜಗ್ಗಿರುವುದರಿಂದ, ಆಧಾರ ಬಿಗಿ ಮಾಡುವ ಮುನ್ನ ಮೇಲಿನ ಸಂದನ್ನು ಸರಿಯಾದ ಅಳತೆಗೆ ತರಬೇಕು. ಜಗ್ಗಿದ ಸ್ಥಿತಿಯಲ್ಲೇ ಪೈಪ್ ಬೆಸೆದರೆ ಜಗ್ಗನ್ನೇ ಕಾಪಾಡಿದಂತೆ.

ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬಾರದು. ಮುಂದಿನ ಫೆಂಡರ್ ಬಿಚ್ಚಬೇಕು. ಹಿಂದಿನ ಫೆಂಡರ್ ಬೆಸುಗೆಯದು, ಅದರ ಮುಂದಿನ ಕೆಳಭಾಗ ಕತ್ತರಿಸದೆ ಸಿಲ್‌ನ ಹಿಂತುದಿಗೆ ತಲುಪಲಾಗದು. ಆ ತುಂಡಿಗೆ ರಿಪೇರಿ ಪ್ಯಾನೆಲ್ ಸಿಗುತ್ತದೆ. ಕೋಟ್ ಕೊಡುವಾಗ ಈ ಕತ್ತರಿಕೆಯ ಮಾತೇ ಎತ್ತದ ಗ್ಯಾರೇಜ್ ಸಿಲ್‌ನ ಹಿಂತುದಿಯನ್ನು ಹಾಗೇ ಬಿಡಲಿದೆ ಎಂದು ತಿಳಿಯಿರಿ.

ಹಳೆಯ ಸ್ಪಾಟ್ ವೆಲ್ಡ್‌ಗಳನ್ನು, ಅಂದರೆ ಕಾರ್ಖಾನೆಯ ಚುಕ್ಕೆ ಬೆಸುಗೆಗಳನ್ನು, 8 ಮಿ.ಮೀ. ಕಟರ್‌ನಿಂದ ಕೊರೆದು ಬಿಡಿಸಬೇಕು. ಹೊರ ಸಿಲ್ ಕಳಚಿದ ಮೇಲೆ ಮೆಂಬ್ರೇನ್, ಕ್ಯಾಸಲ್ ರೈಲ್, ಕಂಬದ ಬುಡ ಮೂರೂ ಬೆಳಕಿಗೆ ಬರುತ್ತವೆ. ಖರ್ಚಿನ ಅಂದಾಜು ಬದಲಾಗುವುದೂ ಆಗಲೇ, ಆದ್ದರಿಂದ ಮೊದಲೇ ಒಂದಿಷ್ಟು ಹಣ ಎತ್ತಿಟ್ಟುಕೊಳ್ಳಿ. ಹೊಸ ಭಾಗಗಳನ್ನು ಕ್ಲಾಂಪ್ ಮತ್ತು ತಗಡಿನ ಸ್ಕ್ರೂಗಳಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಬಾಗಿಲು ತೂಗು ಹಾಕಿ, ಫೆಂಡರ್ ಕೂರಿಸಿ ನೋಡಬೇಕು. ಸುಮಾರು 4 ಮಿ.ಮೀ. ಸಂದು ಮೇಲಿಂದ ಕೆಳಗೆ ಒಂದೇ ಸಮ ಇದ್ದರೆ ಸಾಕು. ಆಮೇಲೆ ಬೆಸುಗೆ: 5ರಿಂದ 6 ಮಿ.ಮೀ. ತೂತು ಕೊರೆದು ಅದನ್ನು ಬೆಸುಗೆಯಿಂದ ತುಂಬುವ ಪ್ಲಗ್ ವೆಲ್ಡ್, ಕಾರ್ಖಾನೆಯ ಸ್ಪಾಟ್‌ಗಳು ಎಷ್ಟಿದ್ದವೋ ಅಷ್ಟಾದರೂ. ತಗಡು ಸೇರುವ ಅಂಚುಗಳಿಗೆ ಬೆಸುಗೆಗೆ ಮೊದಲೇ ಹಚ್ಚುವ ವೆಲ್ಡ್-ಥ್ರೂ ಪ್ರೈಮರ್. ಒಂದೇ ಕಡೆಯಿಂದ ಸಾಲಾಗಿ ಬೆಸೆಯುತ್ತಾ ಹೋದರೆ ಶಾಖಕ್ಕೆ ಸಿಲ್ ಬಾಗುತ್ತದೆ, ಅಲ್ಲೊಂದು ಇಲ್ಲೊಂದು ಹಾಕುತ್ತಾ ಬರಬೇಕು.

ಸಿಲ್‌ನ ಭಾಗಗಳಲ್ಲಿ ಉಳಿತಾಯ ಮಾಡಬೇಡಿ. ಹೊರ ಸಿಲ್, ಮೆಂಬ್ರೇನ್, ಕ್ಯಾಸಲ್ ರೈಲ್ ಮೂರನ್ನೂ ಒಂದೇ ತಯಾರಕರದ್ದನ್ನು ತೆಗೆದುಕೊಳ್ಳಿ. ಬೇರೆಬೇರೆ ಕಡೆಯವು ಒಂದರ ಮೇಲೊಂದು ಕೂರದಿದ್ದರೆ ವೆಲ್ಡರ್ ಸುತ್ತಿಗೆ ತೆಗೆಯುತ್ತಾನೆ, ಅಲ್ಲಿಗೆ ಅಳತೆ ಕೆಟ್ಟಿತು.

ಈಗ ಫೆಂಡರ್

"ಹಳೆ ತಗಡು ದಪ್ಪ" ಎಂಬ ಮಾತಿನಲ್ಲಿ ನಿಜ ಕಡಿಮೆ. ಆ ಕಾಲದ ಹೊರ ಪ್ಯಾನೆಲ್‌ಗಳು ಸಾಮಾನ್ಯವಾಗಿ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ಒಳ್ಳೆಯ ಹೊಸ ಫೆಂಡರೂ ಅಷ್ಟೇ. ಅಗ್ಗದವುಗಳಲ್ಲಿ ತೆಳು ತಗಡು ಬರುವುದುಂಟು. ಅಂಚಿನಲ್ಲಿ ಬಣ್ಣ ಕೆರೆದು ಮೈಕ್ರೋಮೀಟರ್ ಇಟ್ಟು ನೋಡಿ. 0.8ಕ್ಕಿಂತ ಕಡಿಮೆ ಬಂದರೆ ವಾಪಸ್ ಕಳಿಸಿ. ಆದರೆ ನಕಲು ಫೆಂಡರಿನ ದೊಡ್ಡ ತೊಂದರೆ ಆಕಾರದ್ದು. ದಪ್ಪ ಸರಿ ಇದ್ದೂ ಆಕಾರ ತಪ್ಪಿದ ಫೆಂಡರ್ ನಿಮ್ಮನ್ನು ಹೆಚ್ಚು ಗೋಳು ಹೊಯ್ದುಕೊಳ್ಳುತ್ತದೆ.

ಬ್ರಿಟಿಷ್ ಮೋಟರ್ ಹೆರಿಟೇಜ್ 1975ರಲ್ಲಿ ಶುರುವಾದದ್ದು. ಈಗ ಆಕ್ಸ್‌ಫರ್ಡ್‌ಶೈರ್‌ನ ವಿಟ್ನಿಯಲ್ಲಿದೆ. ಅವರ ಬಲ ಎಂದರೆ ಕಾರ್ಖಾನೆಯ ಮೂಲ ಅಚ್ಚುಗಳು. 1988ರಲ್ಲಿ ಎಂಜಿಬಿಯ ಇಡೀ ಬಾಡಿಶೆಲ್ಲನ್ನೇ ಹೊಸದಾಗಿ ಹೊರತಂದರು, 1990ರ ದಶಕದ ಎಂಜಿ ಆರ್‌ವಿ8 ಕಾರು ಹುಟ್ಟಿದ್ದು ಅದರ ಆಧಾರದ ಮೇಲೆ. ಹಾಗೆಂದು ಅವರ ಫೆಂಡರ್ ಬೋಲ್ಟ್ ಹಾಕಿದ ತಕ್ಷಣ ಕೂರುತ್ತದೆ ಎಂದು ನಂಬಬೇಡಿ. ಅಚ್ಚು ಸವೆಯುತ್ತದೆ. ಕಾರ್ಖಾನೆಯಲ್ಲೂ ಅಂದು ಪ್ರತಿ ಕಾರಿಗೆ ಸುತ್ತಿಗೆ, ಮರದ ತುಂಡು, ಸೀಸದ ಬೆಸುಗೆ ಬಳಸಿ ಸಂದು ಸರಿಮಾಡುತ್ತಿದ್ದರು. ನಿಮ್ಮ ಕಾರಿನ ಎಡ ಬಲಗಳೇ ಒಂದೇ ಸಮ ಇರಲಾರವು. ಹೆರಿಟೇಜ್ ಫೆಂಡರಿಗೆ ಕೆಲವು ಗಂಟೆಯ ಹೊಂದಿಕೆ ಬೇಕಾದರೆ ಕೆಟ್ಟ ನಕಲಿಗೆ ಕೆಲವು ದಿನ ಬೇಕು. ಇಂಗ್ಲೆಂಡಿನ ಕೂಲಿ ದರದಲ್ಲಿ ಅರ್ಧ ಬೆಲೆಯ ಲಾಭ ಮೊದಲ ಮಧ್ಯಾಹ್ನಕ್ಕೇ ಕರಗುತ್ತದೆ. ಕೆಲಸ ನೀವೇ ಮಾಡುತ್ತೀರಾದರೆ ಲೆಕ್ಕ ಬೇರೆ. ನಿಮ್ಮ ಸಮಯಕ್ಕೆ ಬಿಲ್ ಇಲ್ಲ.

ನಕಲು ಫೆಂಡರ್ ಎಲ್ಲೆಲ್ಲಿ ತಪ್ಪುತ್ತದೆ ಎಂದು ತಿಳಿದಿರಲಿ. ಹೆಡ್‌ಲ್ಯಾಂಪ್ ಕೂರುವ ಬಟ್ಟಲಿನ ಸುತ್ತಳತೆ ಮತ್ತು ಓರೆ ತಪ್ಪಿದರೆ ಕ್ರೋಮ್ ರಿಂಗ್ ಒಂದು ಕಡೆ ಎದ್ದು ನಿಲ್ಲುತ್ತದೆ, ಅದನ್ನು ಪುಟ್ಟಿಯಿಂದ ಸರಿಪಡಿಸಲಾಗದು. ಬಾಗಿಲ ಕಡೆಯ ಮಡಿಕೆಯ ಕೋನ ತಪ್ಪಿದರೆ ಸಂದು ಸರಿ ಇದ್ದರೂ ಫೆಂಡರ್ ಬಾಗಿಲಿಗಿಂತ ಹೊರಕ್ಕೋ ಒಳಕ್ಕೋ ನಿಲ್ಲುತ್ತದೆ. ಉದ್ದಕ್ಕೂ ಓಡುವ ಬೆಳ್ಳಿಪಟ್ಟಿಯ ತೂತುಗಳು ಇಲ್ಲದಿರಬಹುದು, ಇದ್ದರೂ ಬಾಗಿಲಿನ ತೂತುಗಳ ಸಾಲಿಗೆ ಬಾರದಿರಬಹುದು. ಚಕ್ರದ ಕಮಾನಿನ ಅಂಚು ಚಪ್ಪಟೆಯಾಗಿದ್ದರೆ ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ.

ಕ್ಯಾಲಿಫೋರ್ನಿಯಾದ ಹಳೆ ಫೆಂಡರ್ ನನಗೆ ಇಷ್ಟದ ಆಯ್ಕೆ, ಎರಡು ಷರತ್ತಿನ ಮೇಲೆ. ಒಂದು, ಅದು ಯಾವ ವರ್ಷದ್ದು ಎಂದು ತಿಳಿಯಬೇಕು. 1974ರ ಕೊನೆಯಿಂದ ಬಂದ ಕಪ್ಪು ರಬ್ಬರ್ ಬಂಪರ್ ಕಾರಿನ ಫೆಂಡರ್ ನಿಮ್ಮ ಕ್ರೋಮ್ ಬಂಪರ್ ಕಾರಿಗೆ ಆಗದು. ನಿಮ್ಮದರಲ್ಲಿ ಹೆಡ್‌ಲ್ಯಾಂಪ್ ಕೆಳಗೆ ಸೈಡ್‌ಲೈಟ್ ಮತ್ತು ಇಂಡಿಕೇಟರ್ ಫೆಂಡರಿನಲ್ಲೇ ಕೂರುತ್ತವೆ, ಅದರಲ್ಲಿ ಬಂಪರಿನಲ್ಲಿ. 1970ರ ಆಸುಪಾಸಿನಿಂದ ಅಮೆರಿಕಕ್ಕೆ ಹೋದ ಕಾರುಗಳ ಫೆಂಡರಿನ ಪಕ್ಕದಲ್ಲಿ ಮಾರ್ಕರ್ ದೀಪದ ತೂತು ಇರುತ್ತದೆ. ಅದನ್ನು ಬೆಸೆದು ಮುಚ್ಚಬೇಕಾದೀತು. ಇದು ದೊಡ್ಡ ಕೆಲಸವಲ್ಲ, ಬೆಲೆ ಮಾತಾಡುವಾಗ ನೆನಪಿರಲಿ. ಎರಡು, ಬಣ್ಣದ ಕೆಳಗೆ ಏನಿದೆ ಎಂದು ನೋಡಬೇಕು. ತುಕ್ಕಿಲ್ಲ ಎಂದರೆ ಗುದ್ದಿಲ್ಲ ಎಂದಲ್ಲ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಯೆಲ್ಲ ಆಡಿಸಿ. ಹಿಡಿಯದ ಜಾಗದಲ್ಲಿ ದಪ್ಪ ಪುಟ್ಟಿ ಇದೆ. ಒಳಬದಿಯ ಫೋಟೋ ಕೇಳಿ. ಹೊರಗೆ ಬಣ್ಣ ಬಳಿದವರು ಒಳಗಿನ ಸುತ್ತಿಗೆ ಗುರುತು ಅಳಿಸಿರುವುದಿಲ್ಲ.

ಫೈಬರ್‌ಗ್ಲಾಸ್ ತುಕ್ಕು ಹಿಡಿಯದು, ಹಗುರ, ಅಗ್ಗ. ಮುಂದಿನ ಫೆಂಡರ್ ಬೋಲ್ಟ್‌ನಲ್ಲಿ ನಿಲ್ಲುವುದರಿಂದ ಅದನ್ನು ಹಾಕಿದರೆ ಬಾಡಿಯ ಬಲ ಅಷ್ಟೇನೂ ಕುಗ್ಗುವುದೂ ಇಲ್ಲ. ರೇಸಿನ ಕಾರಿಗೆ ಒಪ್ಪುತ್ತದೆ. ರಸ್ತೆಯ ಕಾರಿನಲ್ಲಿ ತೊಂದರೆ ಬೇರೆ ಬಗೆಯದು: ಬಿಸಿಲಿಗೆ ಹಿಗ್ಗುವ ಪ್ರಮಾಣ ಉಕ್ಕಿಗಿಂತ ಬೇರೆ, ಬೋಲ್ಟ್ ಸುತ್ತ ಬಣ್ಣದಲ್ಲಿ ನಕ್ಷತ್ರದಂಥ ಬಿರುಕು ಮೂಡುತ್ತದೆ. ಅಂಚು ದಪ್ಪ ಇರುವುದರಿಂದ ಸಂದು ಚೂಪಾಗಿ ಕಾಣದು. ದೀಪಗಳಿಗೆ ಅರ್ತ್ ಸಿಗುತ್ತಿದ್ದುದು ಲೋಹದ ಫೆಂಡರ್ ಮೂಲಕ. ಫೈಬರ್ ಹಾಕಿದ ಮೇಲೆ ಪ್ರತ್ಯೇಕ ಅರ್ತ್ ವೈರ್ ಎಳೆಯದಿದ್ದರೆ ಇಂಡಿಕೇಟರ್ ಮಂದವಾಗಿ ಮಿಣುಕುತ್ತದೆ. ವಿಮಾ ಕಂಪನಿಗೆ ಮಾರ್ಪಾಡು ಎಂದು ತಿಳಿಸಬೇಕು. ಇಷ್ಟೆಲ್ಲ ಒಪ್ಪಿಗೆ ಇದ್ದರೆ ಹಾಕಿ, ಪಾಪವೇನಲ್ಲ. ನಾಳೆ ಮಾರುವಾಗ ಕೊಳ್ಳುವವರು ಮೊದಲು ಅಯಸ್ಕಾಂತ ಇಡುವುದು ಅಲ್ಲೇ.

ಶಿವಾಜಿನಗರದ ಟಿಂಕರ್ ಬಗ್ಗೆ ನೇರವಾಗಿ ಹೇಳುತ್ತೇನೆ. ಕೈಕಸುಬಿನ ಮೇಲೆ ಅನುಮಾನವೇ ಬೇಡ. ಸುತ್ತಿಗೆ, ಡಾಲಿ (ತಗಡಿನಡಿ ಹಿಡಿಯುವ ಕಬ್ಬಿಣದ ತುಂಡು), ಮರಳು ಚೀಲದಲ್ಲಿ ಅಚ್ಚರಿ ಮಾಡುವವರು ಅಲ್ಲಿದ್ದಾರೆ. ಆದರೆ ನಿಮ್ಮ ಕಾರು ಲೆಸ್ಟರ್‌ನಲ್ಲಿದೆ. ಕಾರಿಲ್ಲದೆ ಬಡಿದ ಫೆಂಡರ್ ಮೈ ಅಳತೆ ತೆಗೆಯದೆ ಹೊಲಿದ ರವಿಕೆ. ಹೆಡ್‌ಲ್ಯಾಂಪ್ ಬಟ್ಟಲಿನ ಎರಡು ದಿಕ್ಕಿನ ಬಾಗು, ಹತ್ತಾರು ಬೋಲ್ಟ್ ತೂತುಗಳ ಜಾಗ, ಬಾಗಿಲ ಸಾಲು ಇವೆಲ್ಲ ಕಾರಿನ ಮೇಲೆ ಇಟ್ಟು ತೆಗೆದು ಸರಿಮಾಡಬೇಕಾದವು. ಹಳೆ ಫೆಂಡರನ್ನು ಮಾದರಿಗೆ ಕಳಿಸಿದರೂ, ಅದರ ತುಕ್ಕು ತಿಂದ ತುದಿಯೇ ಮಾದರಿಯಲ್ಲಿ ಇರುವುದಿಲ್ಲ. ಹಡಗಿನಲ್ಲಿ ಬರುವಾಗ ಒಂದು ತಟ್ಟು ತಾಗಿದರೆ ಇಷ್ಟೂ ವ್ಯರ್ಥ. ಭಾವನವರಿಗೆ ಧನ್ಯವಾದ ಹೇಳಿ ಬೇಡವೆನ್ನಿ. ಕಾರೇ ಬೆಂಗಳೂರಿನಲ್ಲಿದ್ದಿದ್ದರೆ ನನ್ನ ಉತ್ತರ ತಿರುಗುತ್ತಿತ್ತು.

ಯಾರೂ ನಿಮಗೆ ಹೇಳದ ಆಯ್ಕೆ ಇನ್ನೊಂದಿದೆ: ನಿಮ್ಮ ಹಳೆ ಫೆಂಡರನ್ನೇ ಉಳಿಸುವುದು. ಆ ಕಾರಿನೊಂದಿಗೆ ಐವತ್ತು ವರ್ಷ ಕೂತ ಫೆಂಡರ್‌ನಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ. ತುಕ್ಕು ಹಿಂದಿನ ಕೆಳತುದಿಯ ಒಂದು ಗೇಣಿನಲ್ಲಿ ಮಾತ್ರ ಇದ್ದರೆ ಅಷ್ಟನ್ನು ಕತ್ತರಿಸಿ ರಿಪೇರಿ ತುಂಡು ಬೆಸೆಯಬಹುದು. ನಿಮ್ಮ ಬಲ ಫೆಂಡರಿಗೆ ಇದೇ ಸರಿ ಎನಿಸುತ್ತದೆ. ಜೋಡಣೆಯ ಗೆರೆಯನ್ನು ಆದಷ್ಟು ಕೆಳಗೆ, ಬಾಗು ಇರುವಲ್ಲಿ ತನ್ನಿ. ಚಪ್ಪಟೆ ಮೈಯ ನಡುವೆ ಬೆಸೆದರೆ ಶಾಖಕ್ಕೆ ಅಲೆ ಏಳುತ್ತದೆ. ಅಂಚಿಗೆ ಅಂಚು ತಾಗಿಸಿ ಬೆಸೆಯಬೇಕು, ಒಂದರ ಮೇಲೊಂದು ಹೇರಬಾರದು. ಹೇರಿದ ಜೋಡಣೆ ಒಳಗೆ ನೀರು ಹಿಡಿಯುತ್ತದೆ, ಬಣ್ಣವಾದ ಮೇಲೆ ಬಿಸಿಲಿನಲ್ಲಿ ಗೆರೆ ಕಾಣುತ್ತದೆ. 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರದಲ್ಲಿ ಚುಕ್ಕೆ ಚುಕ್ಕೆಯಾಗಿ, ಒಂದು ಚುಕ್ಕೆ ಆರಿದ ಮೇಲೆ ದೂರದಲ್ಲಿ ಇನ್ನೊಂದು. ಎಡ ಫೆಂಡರಿಗೆ ಹೆಡ್‌ಲ್ಯಾಂಪ್ ಮೇಲೂ ಗುಳ್ಳೆ ಬಂದಿದೆ ಎಂದಿದ್ದೀರಿ. ಅಲ್ಲಿ ತುಕ್ಕು ಬರುವುದು ಬಟ್ಟಲಿನ ಮೇಲೆ ಕೂತ ಕೆಸರಿನಿಂದ, ಹೊರಗೆ ಗುಳ್ಳೆ ಎದ್ದಿತೆಂದರೆ ಒಳಗೆ ಜಾಲರಿಯಾಗಿರುತ್ತದೆ. ಎರಡು ಬಾಗಿನ ಆ ಜಾಗಕ್ಕೆ ತೇಪೆ ಹಾಕುವುದು ಫೆಂಡರ್ ಕೊಳ್ಳುವುದಕ್ಕಿಂತ ದುಬಾರಿ. ಆ ಒಂದನ್ನು ಹೊಸದು ಕೊಳ್ಳಿ.

ಕೊಳ್ಳುವಾಗ, ಕೂರಿಸುವಾಗ

ಆರ್ಡರ್ ಮಾಡುವಾಗ "ಎಂಜಿಬಿ ಫೆಂಡರ್" ಎಂದಷ್ಟೇ ಹೇಳಬೇಡಿ. ಚಾಸಿ ನಂಬರ್, ರೋಡ್‌ಸ್ಟರ್, ಕ್ರೋಮ್ ಬಂಪರ್, ಎಡಬದಿ ಎಲ್ಲ ಹೇಳಿ. ವಾಪಸಾತಿ ನಿಯಮ ಮೊದಲೇ ಕೇಳಿ. ತೂತು ಕೊರೆದ, ಉಜ್ಜಿದ, ಬಣ್ಣ ಹೊಡೆದ ಪ್ಯಾನೆಲ್ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಂದ ದಿನವೇ ಹಳೆ ಫೆಂಡರ್ ಪಕ್ಕದಲ್ಲಿಟ್ಟು ಬಟ್ಟಲು, ಕಮಾನು, ಮಡಿಕೆ, ತೂತುಗಳನ್ನು ಹೋಲಿಸಿ. ಹೊಸದು ಕೂತು ಬಣ್ಣವಾಗುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಎಲ್ಲಿ ಯಾವ ಬ್ರಾಕೆಟ್ ಇತ್ತು ಎಂದು ಹೇಳುವುದು ಅದೇ.

ಹಳೆಯದನ್ನು ಬಿಚ್ಚುವಾಗ ಬಾನೆಟ್ ಪಕ್ಕದ ಬೋಲ್ಟ್‌ಗಳು ಸುಲಭ. ಬಾಗಿಲ ಕಂಬದವು, ವಿಂಡ್‌ಸ್ಕ್ರೀನ್ ಕಂಬದ ಬುಡದ ಬಳಿಯವು ಕಾಡುತ್ತವೆ. ಕೆಲವಕ್ಕೆ ಕಾರಿನ ಒಳಗಿನಿಂದ, ಕಾಲಿಡುವ ಜಾಗದ ಮೇಲಿನಿಂದ ಕೈ ಹಾಕಬೇಕು. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಲವಂತ ಮಾಡಿದರೆ ಒಳಗಿನ ನಟ್ ಬೋಲ್ಟ್ ಜೊತೆಗೇ ತಿರುಗಲು ಶುರುವಾಗುತ್ತದೆ, ಆಮೇಲೆ ಬೋಲ್ಟಿನ ತಲೆ ಕತ್ತರಿಸುವುದೊಂದೇ ದಾರಿ.

ಕೂರಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಬಾಗಿಲನ್ನು ಹಿಂದಿನ ಫೆಂಡರಿಗೆ ಹೊಂದಿಸಿ, ಅದಕ್ಕೆ ಮುಂದಿನ ಫೆಂಡರ್, ಅದಕ್ಕೆ ಬಾನೆಟ್. ಬೋಲ್ಟ್‌ಗಳನ್ನೆಲ್ಲ ಮೊದಲು ಎರಡು ಸುತ್ತು ಮಾತ್ರ ತಿರುಗಿಸಿ ಬಿಡಿ, ಆಮೇಲೆ ಬಾಗಿಲ ಕಂಬದ ಕಡೆಯಿಂದ ಬಿಗಿ ಮಾಡುತ್ತಾ ಬನ್ನಿ. ಹೆಡ್‌ಲ್ಯಾಂಪ್ ರಿಂಗ್, ಸೈಡ್‌ಲೈಟ್, ಬಂಪರ್, ಬೆಳ್ಳಿಪಟ್ಟಿ ಎಲ್ಲವನ್ನೂ ಬಣ್ಣಕ್ಕೆ ಮೊದಲೇ ಒಮ್ಮೆ ಜೋಡಿಸಿ ನೋಡಿ. ಬೇಸರದ ಕೆಲಸ, ಆದರೆ ಹೊಸ ಬಣ್ಣದ ಮೇಲೆ ಫೈಲ್ ಹಿಡಿಯುವುದಕ್ಕಿಂತ ವಾಸಿ. ಬಾಗಿಲು ಕಳಚಿ ಹಾಕುವಾಗಲೇ ಕ್ವಾರ್ಟರ್ ಗ್ಲಾಸಿನ (ಬಾಗಿಲ ಮುಂದಿನ ಸಣ್ಣ ಗಾಜು) ಬುಡದಲ್ಲಿ ಬಾಗಿಲ ತಗಡು ಸೀಳಿದೆಯೇ ನೋಡಿಕೊಳ್ಳಿ. ಎಂಜಿಬಿಯಲ್ಲಿ ಅದು ಮಾಮೂಲಿ ಕಾಯಿಲೆ.

ಹೊಸ ಪ್ಯಾನೆಲ್‌ನ ಕಪ್ಪು ಬಣ್ಣವನ್ನು ಪ್ರೈಮರ್ ಎಂದು ನಂಬುವ ಮೊದಲು ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದು ಮೂಲೆ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಸಾಗಣೆಗೆ ಮಾತ್ರ ಹಚ್ಚಿದ ಬಣ್ಣ, ಪೂರ್ತಿ ತೆಗೆಯಬೇಕು. ಹತ್ತದಿದ್ದರೆ 320 ನಂಬರ್ ಕಾಗದದಲ್ಲಿ ಮಂಕು ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಫೆಂಡರಿನ ಒಳಮೈಗೂ, ಬೋಲ್ಟ್ ಕೂರುವ ಮಡಿಕೆಗಳಿಗೂ ಬಣ್ಣ ಕೂರಿಸುವ ಮೊದಲೇ ಆಗಬೇಕು. ಎಲ್ಲ ಒಣಗಿ ಮುಗಿದ ಮೇಲೆ ಸಿಲ್ ಒಳಕ್ಕೂ, ಆ ಕೆಸರು ಕಿಸೆಗೂ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ. ನೀರಿಳಿಯುವ ಕಿಂಡಿಗಳು ವ್ಯಾಕ್ಸ್‌ನಿಂದ ಮುಚ್ಚಿಲ್ಲವೆಂದು ತಂತಿ ಹಾಕಿ ನೋಡಿಕೊಳ್ಳಿ.

ಇಡೀ ಹೊಸ ಬಾಡಿಶೆಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊರ ಸಿಲ್ ಕಳಚಿದ ದಿನ ಎರಡೂ ಬದಿಯ ಸಿಲ್, ಫ್ಲೋರ್, ಬಾಗಿಲ ಕಂಬಗಳು, ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿಯುವ ಜಾಗ, ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು ಎಲ್ಲವೂ ಹೋಗಿವೆ ಎಂದು ತಿಳಿದರೆ, ಒಂದೊಂದೇ ತೇಪೆ ಹಾಕುವ ಕೂಲಿ ಹೊಸ ಶೆಲ್ ಬೆಲೆಯನ್ನು ದಾಟಬಹುದು. ಆಗ ಹೆರಿಟೇಜ್ ಶೆಲ್ ಲೆಕ್ಕ ಹಾಕಿ. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಬೆಲೆಯಲ್ಲಿ ಸೇರಿವೆಯೇ ಎಂದು ಕೇಳಿ. ಹಳೆ ನೋಂದಣಿ ಸಂಖ್ಯೆ ಉಳಿಯುವ ಷರತ್ತುಗಳನ್ನು ಹಣ ಕಟ್ಟುವ ಮುನ್ನವೇ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯಿಂದ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ವಿವರಣೆ ನೋಡಿದರೆ ಅಲ್ಲಿಗೆ ಹೋಗಬೇಕಾಗದು ಎನಿಸುತ್ತದೆ, ಬಲ ಸಿಲ್‌ನ ಸ್ಥಿತಿ ನೀವು ಬರೆದಿಲ್ಲ ಅಷ್ಟೇ.

ಆದ್ದರಿಂದ ಮೊದಲು ಬಲ ಸಿಲ್‌ಗೂ ಸ್ಕ್ರೂಡ್ರೈವರ್ ಒತ್ತಿ ನೋಡಿ, ಡ್ರಿಲ್ ಬಿಟ್ ಅಳತೆ ತೆಗೆಯಿರಿ. ಆ ಅಳತೆ ಹಿಡಿದು ಆಕ್ಸಲ್ ಮೇಲೆ ಕಾರು ನಿಲ್ಲಿಸುವ ಗ್ಯಾರೇಜ್ ಹುಡುಕಿ, ಎಡ ಸಿಲ್ ಪೂರ್ತಿ ಬದಲಿಸಲು ಕೋಟ್ ಕೇಳಿ. ಸಿಲ್ ತಾತ್ಕಾಲಿಕವಾಗಿ ನಿಂತ ಹಂತದಲ್ಲಿ ನಿಮ್ಮ ಹಳೆಯ ಎಡ ಫೆಂಡರನ್ನೇ ಕೂರಿಸಿ ಸಂದು ನೋಡಿಸಿ. ಅದು ಸರಿಯಾಗಿ ಕೂತ ದಿನ ಹೆರಿಟೇಜ್ ಫೆಂಡರಿಗೆ ಆರ್ಡರ್ ಕೊಡಿ.